ಕಡಲಾಚೆಯಲ್ಲಿ ಕೆಡದ ವ್ರತ: ಶ್ರೀ ವೀರಚಂದ ರಾಘವಜೀ ಗಾಂಧಿಯವರ ಜೀವನ

ವ್ರತವನ್ನು ಸ್ವೀಕರಿಸುವುದು ಸುಲಭ; ಸ್ವೀಕರಿಸಿದ ವ್ರತವನ್ನು ನಿರತಿಚಾರವಾಗಿ ಪಾಲಿಸುವುದು ಕಷ್ಟ; ಬಸದಿಯಾಗಲಿ, ಸಾಧರ್ಮಿಗಳಾಗಲಿ, ಶುದ್ಧಾಹಾರವಾಗಲಿ ಕಣ್ಣಿಗೆ ಬೀಳದ ಪರದೇಶದಲ್ಲಿ ಪಾಲಿಸುವುದು ಇನ್ನೂ ಕಷ್ಟ. ಆದರೆ ಕಷ್ಟವಾದುದೆಲ್ಲ ಅಸಾಧ್ಯವಲ್ಲ. ಇದಕ್ಕೆ ನಿದರ್ಶನವಾಗಿ ಈಗ್ಗೆ 130 ವರ್ಷಗಳಿಗೂ ಹಿಂದೆ ಕಡಲನ್ನು ದಾಟಿ ಹೋದ ಒಬ್ಬ ಗೃಹಸ್ಥಶ್ರಾವಕರ ಜೀವನವನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ಬಯಸುತ್ತೇನೆ.

ಹೀಗೆ ಬಯಸುವುದಕ್ಕೆ ಕಾರಣವಿದೆ. ಸಕಲೇಶಪುರ ಮತ್ತು ಆಲೂರು ಸೀಮೆಯ ಗುಡ್ಡಗಳಲ್ಲಿ ವಾಸಿಸುವ ನಮಗೆ ಕಡಲು ಕಣ್ಣಿಗೆ ಕಾಣದಿದ್ದರೂ ದೂರದ್ದೇನೂ ಅಲ್ಲ. ನಮ್ಮ ತೋಟಗಳ ಕಾಫಿಬೀಜ ಶಿರಾಡಿ ಘಟ್ಟವನ್ನಿಳಿದು ಮಂಗಳೂರು ಸೇರಿ, ಅಲ್ಲಿಂದ ಹಡಗನ್ನೇರಿ ಪರದೇಶಗಳಿಗೆ ಹೋಗುವುದು ಹಿಂದಿನಿಂದ ನಡೆದು ಬಂದುದು. ಬೀಜ ಹೋದ ದಾರಿಯಲ್ಲಿಯೇ ಈಗ ನಮ್ಮ ಮಕ್ಕಳೂ ಹೋಗುತ್ತಿದ್ದಾರೆ. ಕೆಲವರು ವರ್ಷಗಟ್ಟಲೆ ಓದುವುದಕ್ಕೆ ಹೋದರೆ, ಮತ್ತೆ ಕೆಲವರು ಮೂರು ನಾಲ್ಕು ತಿಂಗಳು ಕೆಲಸದ ತರಬೇತಿಗೆಂದು ಹೋಗಿ ಬರುತ್ತಾರೆ.

ಕಳೆದ ಮಳೆಗಾಲದಲ್ಲಿ ಆಲೂರು ಕಡೆಯ ಒಬ್ಬ ಯುವಕ, ಒಂದು ಕಾಲದ ನನ್ನ ವಿದ್ಯಾರ್ಥಿ, ಮನೆಗೆ ಬಂದಿದ್ದ. ಕಾಫಿ ಹುರಿಯುವ ಮತ್ತು ಅದರ ರುಚಿಯನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿಯಲು ಯುರೋಪಿನ ಒಂದು ಊರಿನಲ್ಲಿ ಅವನಿಗೆ ನಾಲ್ಕು ತಿಂಗಳ ತರಬೇತಿ ದೊರಕಿತ್ತು. ಅವನ ಅಜ್ಜಿ ಕಣ್ಣೀರು ಹಾಕುತ್ತಿದ್ದರು. ಸಮುದ್ರ ದಾಟಿದವನಿಗೆ ಧರ್ಮವೆಲ್ಲಿಯದು ಎಂಬುದು ಅವರ ಸಂಕಟ. ನಾಲ್ಕು ತಿಂಗಳ ಮಟ್ಟಿಗೆ ವ್ರತಗಳನ್ನು ಬದಿಗಿಟ್ಟು, ಹಿಂತಿರುಗಿದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂಬುದು ಅವನ ಚಿಕ್ಕಪ್ಪನ ಸಲಹೆ. ಯಾವುದು ಸರಿ ಎಂದು ಕೇಳಲು ಅವನು ಬಂದಿದ್ದ.

ಆ ಪ್ರಶ್ನೆ ನನ್ನನ್ನು ಚುಚ್ಚಿತು. ಅನೇಕ ವರ್ಷಗಳ ಹಿಂದೆ, ನಾನಿನ್ನೂ ಪಾಠ ಹೇಳುತ್ತಿದ್ದಾಗ, ಮತ್ತೊಬ್ಬ ವಿದ್ಯಾರ್ಥಿ ಇದೇ ಪ್ರಶ್ನೆಯನ್ನು ಕೇಳಿದ್ದ. ನಾನು ಅವಸರದಲ್ಲಿ, ಪರಸ್ಥಳದಲ್ಲಿ ಹೇಗೆ ಅನುಕೂಲವೋ ಹಾಗೆ ನಡೆದುಕೊಂಡರೆ ದೋಷವಿಲ್ಲವೆಂದು ಹೇಳಿ ಕಳುಹಿಸಿದೆ. ಅವನು ಆ ಮಾತನ್ನೇ ಆಧಾರವಾಗಿ ಹಿಡಿದ. ಹಿಂತಿರುಗಿ ಬಂದಾಗ ವ್ರತವೂ ಇರಲಿಲ್ಲ, ವ್ರತ ಹೋಯಿತೆಂಬ ವ್ಯಥೆಯೂ ಇರಲಿಲ್ಲ. ಆ ಹೊಣೆಯಲ್ಲಿ ನನ್ನ ಪಾಲೂ ಇದೆಯೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಈ ಬಾರಿ ಅವಸರಪಡದೆ, ಶ್ರೀ ವೀರಚಂದ ಗಾಂಧಿಯವರ ಚರಿತ್ರೆಯನ್ನು ಆ ಯುವಕನಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶ್ರೀಯುತರು ಶ್ವೇತಾಂಬರ ಸಂಪ್ರದಾಯದವರು. ನಮ್ಮ ಸೀಮೆಯಲ್ಲಿ ದಿಗಂಬರ ಸಂಪ್ರದಾಯವೇ ರೂಢಿಯಲ್ಲಿದ್ದರೂ ಅಣುವ್ರತದ ಮಹಿಮೆ ಉಭಯರಿಗೂ ಸಮಾನವಾದುದು.

ಜನನ ಮತ್ತು ವಿದ್ಯಾಭ್ಯಾಸ

ಕಾಠಿಯಾವಾಡದ ಭಾವನಗರದ ಸಮೀಪದಲ್ಲಿ ಮಹುವಾ ಎಂಬ ಕಡಲತೀರದ ಪಟ್ಟಣವಿದೆ. ಅಲ್ಲಿಯ ವರ್ತಕರಾದ ರಾಘವಜೀ ಗಾಂಧಿಯವರ ಪುತ್ರರಾಗಿ ವೀರಚಂದರು 1864ರ ಆಗಸ್ಟ್ 25ರಂದು ಜನಿಸಿದರು. ತಂದೆ ಧರ್ಮಶ್ರದ್ಧೆಯುಳ್ಳವರು, ಹಾಗೆಯೇ ಅರ್ಥವಿಲ್ಲದ ರೂಢಿಗಳನ್ನು ಒಪ್ಪದವರು. ಶ್ರದ್ಧೆಯನ್ನೂ ರೂಢಿಯನ್ನೂ ಬೇರೆ ಬೇರೆಯಾಗಿ ಕಾಣುವ ಈ ದೃಷ್ಟಿ ಮಗನಿಗೂ ಬಂದಿತು. ಮುಂದೆ ಅವರ ಜೀವನದಲ್ಲಿ ಒದಗಿದ ದೊಡ್ಡ ಪರೀಕ್ಷೆಯೂ ಇದೇ ವಿಷಯದಲ್ಲಿಯೇ ಆಯಿತೆಂಬುದನ್ನು ಓದುಗರು ಕಾಣುವರು.

ಭಾವನಗರದಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜನ್ನು ಸೇರಿ, 1884ರಲ್ಲಿ ಅವರು ಪದವೀಧರರಾದರು. ಅಂದಿನ ಜೈನ ಸಮಾಜದಲ್ಲಿ ಇಂಗ್ಲಿಷ್ ವಿದ್ಯೆಯ ಪದವಿ ಪಡೆದವರು ಅತಿ ವಿರಳ. ಮರುವರ್ಷವೇ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಭಾರತದ ಜೈನ ಅಸೋಸಿಯೇಷನ್ನಿನ ಗೌರವ ಕಾರ್ಯದರ್ಶಿಗಳಾದರು.

ತೀರ್ಥರಕ್ಷಣೆಯ ಕಾರ್ಯ

ಕಾರ್ಯದರ್ಶಿಗಳಾದ ಕೂಡಲೇ ಅವರ ಮುಂದೆ ಬಂದುದು ಶತ್ರುಂಜಯ ತೀರ್ಥದ ಸಮಸ್ಯೆ. ಪಾಲಿತಾಣದ ಠಾಕೂರರು ತಮ್ಮ ಸಂಸ್ಥಾನದಲ್ಲಿದ್ದ ಆ ಬೆಟ್ಟಕ್ಕೆ ಬರುವ ಯಾತ್ರಿಕರಿಂದ ತಲೆಗೆ ಎರಡು ರೂಪಾಯಿ ತೆರಿಗೆ ವಸೂಲು ಮಾಡತೊಡಗಿದ್ದರು. ಬಡ ಯಾತ್ರಿಕನಿಗೆ ಅಂದಿನ ಎರಡು ರೂಪಾಯಿ ಸಣ್ಣ ಮೊತ್ತವಲ್ಲ. ವೀರಚಂದರು ಮುಂಬಯಿಯ ಗವರ್ನರ್ ಲಾರ್ಡ್ ರೇ ಅವರವರೆಗೂ ಹೋಗಿ ಸಮಾಜದ ಅಹವಾಲನ್ನು ಮುಂದಿಟ್ಟರು. ಕೊನೆಗೆ 1886ರಲ್ಲಿ ಸಮಾಜವು ಠಾಕೂರರಿಗೆ ವರ್ಷಕ್ಕೆ 15,000 ರೂಪಾಯಿಗಳನ್ನು ಒಟ್ಟಾಗಿ ಕೊಡುವುದೆಂದೂ, ಯಾತ್ರಿಕರಿಂದ ಬಿಡಿಯಾಗಿ ತೆರಿಗೆ ಕೀಳತಕ್ಕುದಲ್ಲವೆಂದೂ 40 ವರ್ಷಗಳ ಒಪ್ಪಂದವಾಯಿತು.

ಮುಂದೆ 1891ರಲ್ಲಿ ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರದ ಬಳಿ ಒಬ್ಬ ಆಂಗ್ಲರು ಹಂದಿಯ ಕೊಬ್ಬನ್ನು ತೆಗೆಯುವ ಕಾರ್ಖಾನೆಯನ್ನು ತೆರೆದರು. ಮೊಕದ್ದಮೆಯ ದಸ್ತಾವೇಜುಗಳು ಬಂಗಾಳಿ ಭಾಷೆಯಲ್ಲಿದ್ದವು. ವೀರಚಂದರು ಕಲಕತ್ತೆಗೆ ಹೋಗಿ ಸುಮಾರು ಆರು ತಿಂಗಳು ನಿಂತು, ಬಂಗಾಳಿಯನ್ನೇ ಕಲಿತು, ದಸ್ತಾವೇಜುಗಳನ್ನು ಸ್ವತಃ ಓದಿ ವಾದವನ್ನು ಸಿದ್ಧಪಡಿಸಿದರು. ಕಾರ್ಖಾನೆ ನಿಂತಿತು. ಪರರ ಬಾಯಿಂದ ಕೇಳಿ ತೃಪ್ತರಾಗದೆ, ಬೇಕಾದುದನ್ನು ಮೊದಲೇ ಕಲಿತು ಹೊರಡುವ ಈ ಸ್ವಭಾವವನ್ನು ನಮ್ಮ ಯುವಕರು ಗಮನಿಸಬೇಕು.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ಅವರಿಗೆ ಮತ್ತೊಬ್ಬ ಗಾಂಧಿಯವರ ಸ್ನೇಹವಾಯಿತು. ಇಂಗ್ಲೆಂಡಿನಿಂದ ಬ್ಯಾರಿಸ್ಟರರಾಗಿ ಆಗತಾನೆ ಹಿಂತಿರುಗಿದ್ದ ಮೋಹನದಾಸ ಕರಮಚಂದ ಗಾಂಧಿಯವರೇ ಅವರು. ಇಬ್ಬರೂ ಕಾನೂನು ಓದುತ್ತಿದ್ದರು. ಇಬ್ಬರೂ ಕೂಡಿ ಆಹಾರದ ಪ್ರಯೋಗಗಳನ್ನೂ ಮಾಡಿದರು. ಮಹಾತ್ಮರು ತಮ್ಮ ಆತ್ಮಕಥೆಯಲ್ಲಿ ಇದನ್ನು ಸ್ಮರಿಸಿದ್ದಾರೆ. ಈ ಮೋಹನದಾಸರು 1888ರ ಸೆಪ್ಟೆಂಬರ್ 4ರಂದು ಇಂಗ್ಲೆಂಡಿಗೆ ಹೊರಡುವ ಮೊದಲು, ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ, ಬೇಚರಜೀ ಸ್ವಾಮಿಯೆಂಬ ಜೈನ ಸಾಧುಗಳ ಸಮಕ್ಷಮದಲ್ಲಿ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆ ಮಾಡಿದ್ದರೆಂಬುದು ಲೋಕಪ್ರಸಿದ್ಧ. ಲಂಡನ್ನಿನಲ್ಲಿ ಕೆಲವರು ಮೊಟ್ಟೆ ಮಾಂಸವಲ್ಲವೆಂದು ಅವರಿಗೆ ವಾದಿಸಿ ಹೇಳಿದರು. ಸ್ವಲ್ಪ ಕಾಲ ಆ ಮಾತಿಗೆ ಅವರು ಒಳಗಾದುದೂ ಉಂಟು. ಆದರೆ ಬಹುಬೇಗ ಎಚ್ಚೆತ್ತು, ಪ್ರತಿಜ್ಞೆ ಮಾಡಿಸಿದ ತಾಯಿ ಆ ಶಬ್ದಕ್ಕೆ ಯಾವ ಅರ್ಥವನ್ನು ಇಟ್ಟುಕೊಂಡಿದ್ದರೋ ಅದೇ ತಮ್ಮನ್ನು ಕಟ್ಟುವ ಅರ್ಥವೆಂದು ನಿಶ್ಚಯಿಸಿ ಮೊಟ್ಟೆಯನ್ನು ಬಿಟ್ಟರು. ವ್ರತದ ಅರ್ಥವನ್ನು ಅನುಕೂಲಕ್ಕೆ ತಕ್ಕಂತೆ ಎಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಇಂತಹ ಮಿತ್ರರ ಅನುಭವವನ್ನು ಹತ್ತಿರದಿಂದ ಕಂಡ ಮೇಲೆ ವೀರಚಂದರಿಗೂ ಕಡಲು ದಾಟುವ ಸಂದರ್ಭ ಬಂದಿತು.

ಆಹ್ವಾನ ಮತ್ತು ಸಿದ್ಧತೆ

1893ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ವಿಶ್ವಪ್ರದರ್ಶನದ ಅಂಗವಾಗಿ ಸರ್ವಧರ್ಮ ಸಮ್ಮೇಳನವೊಂದು ನಿಶ್ಚಯವಾಯಿತು. ಜೈನಧರ್ಮದ ಪರವಾಗಿ ಭಾಗವಹಿಸಬೇಕೆಂದು ಆಚಾರ್ಯ ವಿಜಯಾನಂದಸೂರಿಗಳಿಗೆ ಆಹ್ವಾನ ಬಂದಿತು. ಆತ್ಮಾರಾಮಜೀ ಎಂದು ಹೆಸರಾದ ಇವರು 1837ರಲ್ಲಿ ಪಂಜಾಬಿನಲ್ಲಿ ಜನಿಸಿದವರು, ಆಗಮಗಳಲ್ಲಿ ಪಾರಂಗತರು, ಪರದೇಶದ ವಿದ್ವಾಂಸರಿಗೂ ಪರಿಚಿತರು. ಧರ್ಮಪ್ರಭಾವನೆಗೆ ಇಂತಹ ಅವಕಾಶ ದುರ್ಲಭ. ಆದರೆ ಮಹಾವ್ರತಿಗಳಾದ ಮುನಿಗಳು ಕಾಲ್ನಡಿಗೆಯಿಂದಲೇ ವಿಹರಿಸತಕ್ಕವರು, ವಾಹನವನ್ನೇರುವಂತಿಲ್ಲ. ಹಡಗಿನಲ್ಲಿ ಕುಳಿತು ಸಾಗರವನ್ನು ದಾಟುವುದು ಅವರ ಚರ್ಯೆಗೆ ವಿರುದ್ಧ. ಆದುದರಿಂದ ಆಚಾರ್ಯರು ತಾವು ಹೋಗಲಿಲ್ಲ. ಫಲ ಎಷ್ಟೇ ದೊಡ್ಡದಾದರೂ ವ್ರತಭಂಗದಿಂದ ಅದನ್ನು ಕೊಳ್ಳತಕ್ಕುದಲ್ಲವೆಂದು ತಮ್ಮ ನಡತೆಯಿಂದ ತೋರಿಸಿದರು. ತಮ್ಮ ಪ್ರತಿನಿಧಿಯಾಗಿ ಗೃಹಸ್ಥರಾದ ವೀರಚಂದರನ್ನು ಆರಿಸಿದರು. ಮುಂಬಯಿಯ ಜೈನ ಅಸೋಸಿಯೇಷನ್ ಅವರನ್ನು ಕಳುಹಿಸಿಕೊಡಲು ಒಪ್ಪಿತು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಒಂದೇ ಪ್ರಯಾಣ ಮುನಿಗೆ ನಿಷಿದ್ಧ, ಶ್ರಾವಕನಿಗೆ ವಿಹಿತವಾದುದು ಹೇಗೆ? ಮುನಿಯದು ಮಹಾವ್ರತ, ಶ್ರಾವಕನದು ಅಣುವ್ರತ. ಶ್ರಾವಕನ ಪ್ರಯಾಣಕ್ಕೆ ಸಂಬಂಧಿಸಿದ್ದು ಮೂರು ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟು ದೂರವನ್ನು ಮೀರಿ ಹೋಗೆನೆಂದು ಜೀವಾವಧಿಯ ಗಡಿಯನ್ನು ಹಾಕಿಕೊಳ್ಳುವುದೇ ದಿಗ್ವ್ರತ. ಸಮುದ್ರ, ನದಿ, ಅರಣ್ಯ, ಪರ್ವತ, ದೇಶ, ಯೋಜನ ಇವನ್ನು ಗಡಿಯಾಗಿ ಇಟ್ಟುಕೊಳ್ಳಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ನಮ್ಮವರಲ್ಲಿ ಹೇಮಾವತಿಯನ್ನೋ, ಘಟ್ಟದ ಸಾಲನ್ನೋ, ಪಡುವಣ ಕಡಲನ್ನೋ ಗಡಿಯೆಂದು ಹಿಡಿದ ಶ್ರಾವಕನೊಬ್ಬನಿದ್ದರೆ ಅವನು ಅದನ್ನು ದಾಟಬಾರದು. ಗಡಿಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದೂ, ಹಾಕಿಕೊಂಡ ಗಡಿಯನ್ನು ಮರೆಯುವುದೂ ಈ ವ್ರತದ ಐದು ಅತಿಚಾರಗಳಲ್ಲಿ ಎರಡು. ಆದರೆ ಸಮುದ್ರವು ಸ್ವತಃ ಅಪವಿತ್ರವೆಂದಾಗಲಿ, ಅದನ್ನು ದಾಟಿದ ಮಾತ್ರಕ್ಕೆ ಶ್ರಾವಕನು ಕೆಟ್ಟನೆಂದಾಗಲಿ ಈ ವ್ರತದ ತಾತ್ಪರ್ಯವಲ್ಲ. ಕಡಲು ಗಡಿಯಾಗುವುದು ನಾವು ಅದನ್ನು ಗಡಿಯೆಂದು ಹಿಡಿದಾಗ. ಆದ್ದರಿಂದ ಹೊರಡುವವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಕಡಲನ್ನು ಕುರಿತದ್ದಲ್ಲ. ತಾನು ಈವರೆಗೆ ಏನನ್ನು ಪ್ರತಿಜ್ಞೆ ಮಾಡಿದ್ದೇನೆ ಎಂಬುದು.

ವೀರಚಂದರು ಆಚಾರ್ಯರ ಬಳಿಗೆ ಹೋಗಿ, ಅವರ ಸನ್ನಿಧಿಯಲ್ಲಿ ನಿಂತು ತತ್ತ್ವಾಭ್ಯಾಸ ಮಾಡಿದರು. ಪರಧರ್ಮೀಯರು ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಿ, ಅವಕ್ಕೆ ಸಮಾಧಾನಗಳನ್ನು ಆಚಾರ್ಯರು ಬರೆದುಕೊಟ್ಟರು. ಶಿಕಾಗೋ ಪ್ರಶ್ನೋತ್ತರ ಎಂಬ ಹೆಸರಿನಿಂದ ಆ ಗ್ರಂಥ ಪ್ರಸಿದ್ಧವಾಗಿದೆ. ಜೀವ, ಕರ್ಮ, ಈಶ್ವರ, ಮೋಕ್ಷ ಈ ವಿಷಯಗಳಲ್ಲಿ ತಾನೇ ಸಂಶಯಪಡುವವನು ಇನ್ನೊಬ್ಬರಿಗೆ ಹೇಳಲಾರನು. ತನ್ನ ಆಚಾರಕ್ಕೆ ಕಾರಣ ತಿಳಿಯದವನು ಪರಸ್ಥಳದಲ್ಲಿ ಅದನ್ನು ಬಹುಕಾಲ ಪಾಲಿಸಲಾರನು. ಊರಿನಲ್ಲಿರುವಾಗ ನಾವು ರಾತ್ರಿಭೋಜನವನ್ನು ಏಕೆ ಮಾಡುವುದಿಲ್ಲವೆಂದು ಯಾರೂ ಕೇಳುವುದಿಲ್ಲ. ಪರದೇಶದಲ್ಲಿ ಮೊದಲ ದಿನವೇ ಕೇಳುತ್ತಾರೆ. ಉತ್ತರವಿಲ್ಲದವನು ನಾಚುತ್ತಾನೆ, ನಾಚಿದವನು ಮೆಲ್ಲಗೆ ಬಿಡುತ್ತಾನೆ.

ಆಹಾರದ ವಿಷಯದಲ್ಲಿಯೂ ಅವರು ದೈವವನ್ನು ನಂಬಿ ಹೊರಡಲಿಲ್ಲ. ಶುದ್ಧ ಶಾಕಾಹಾರದ ಅಡಿಗೆ ಮಾಡಬಲ್ಲ ತಮ್ಮ ಊರಿನವರೊಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹಡಗನ್ನೇರಿದರು. ಅಂದಿನ ಪ್ರಯಾಣಿಕರು ಹಡಗಿನಲ್ಲಿ ವಾರಗಟ್ಟಲೆ ಕಳೆಯಬೇಕು. ಹಡಗಿನ ಅಡಿಗೆಯೋ ಮಾಂಸಮಯ. ವ್ರತ ಮನಸ್ಸಿನಲ್ಲಿದ್ದರೆ ಸಾಲದು, ಅದಕ್ಕೆ ತಕ್ಕ ಪಾತ್ರೆ ಪದಾರ್ಥಗಳೂ ಪೆಟ್ಟಿಗೆಯಲ್ಲಿರಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಶಿಕಾಗೋ ನಗರದಲ್ಲಿ

ಸಮ್ಮೇಳನವು 1893ರ ಸೆಪ್ಟೆಂಬರ್ 11ರಂದು ಆರಂಭವಾಗಿ 27ರವರೆಗೆ ಹದಿನೇಳು ದಿನ ನಡೆಯಿತು. ಸ್ವಾಮಿ ವಿವೇಕಾನಂದರು ಲೋಕವಿಖ್ಯಾತರಾದುದು ಇದೇ ಸಮ್ಮೇಳನದಲ್ಲಿ. ಕಾಠಿಯಾವಾಡದ ಪೇಟವನ್ನು ಧರಿಸಿ ವೇದಿಕೆಯ ಮೇಲೆ ಕುಳಿತ ವೀರಚಂದರಿಗೆ ಆಗ 29 ವರ್ಷ. ಆರಂಭದ ದಿನ ಆಚಾರ್ಯರ ಪರವಾಗಿ ವಂದನೆಗಳನ್ನು ಸಲ್ಲಿಸಿ, ಮುಂದೆ ಜೈನರ ತತ್ತ್ವ, ನೀತಿ ಮತ್ತು ಇತಿಹಾಸವನ್ನು ಕುರಿತು ಉಪನ್ಯಾಸ ಮಾಡಿದರು. ಒಬ್ಬ ಕ್ರೈಸ್ತ ಉಪದೇಶಕರು ಹಿಂದೂ ದೇವಾಲಯಗಳ ವಿಷಯವಾಗಿ ಹೀನವಾಗಿ ಮಾತನಾಡಿದಾಗ, ತಮ್ಮ ಧರ್ಮದ ಮೇಲೆ ಬಂದ ಆಕ್ಷೇಪ ಅದಲ್ಲದಿದ್ದರೂ, ವೀರಚಂದರು ಎದ್ದು ನಿಂತು ಸೌಮ್ಯವಾಗಿಯೂ ದೃಢವಾಗಿಯೂ ಉತ್ತರ ಕೊಟ್ಟರು. ಸಮ್ಮೇಳನದ ವರದಿಗ್ರಂಥದಲ್ಲಿ ಆತ್ಮಾರಾಮಜೀಯವರ ಭಾವಚಿತ್ರವೂ ಮುದ್ರಿತವಾಯಿತು. ವಾಹನವೇರದೆ ಉಳಿದ ಆಚಾರ್ಯರ ದರ್ಶನ ಹೀಗೆ ಪರದೇಶದವರಿಗೂ ಲಭಿಸಿತು.

ವ್ರತೋಪವಾಸಗಳನ್ನು ಆಚರಿಸುವ ಓದುಗರಿಗೆ ಸ್ವಾರಸ್ಯವೆನಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ವರ್ಷದ ತಿಥಿಗಳನ್ನು ಗಣಿಸಿ ನೋಡಿದರೆ, ಸೆಪ್ಟೆಂಬರ್ 10ರಂದು ಅಮಾವಾಸ್ಯೆ. ಮರುದಿನವೇ ಭಾದ್ರಪದ ಶುಕ್ಲಪಕ್ಷದ ಆರಂಭ. ಎಂದರೆ ಸಮ್ಮೇಳನವು ಆರಂಭವಾದುದು ಶ್ವೇತಾಂಬರರ ಪರ್ಯೂಷಣದ ಕಡೆಯ ದಿನಗಳಲ್ಲಿ. ನಮ್ಮ ದಶಲಕ್ಷಣ ಪರ್ವದ ಹತ್ತು ದಿನಗಳೂ ಆ ಹದಿನೇಳು ದಿನಗಳ ಒಳಗೇ ಬಂದವು. ನಾಡಿನಲ್ಲಿ ಶ್ರಾವಕರು ಉಪವಾಸ ಸ್ವಾಧ್ಯಾಯಗಳಲ್ಲಿ ತೊಡಗಿ ಉತ್ತಮಕ್ಷಮೆಯನ್ನು ಚಿಂತಿಸುತ್ತಿದ್ದ ದಿನಗಳಲ್ಲಿಯೇ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಬ್ಬ ಶ್ರಾವಕರು ಅಹಿಂಸೆಯ ಮಾತನ್ನು ಆಡುತ್ತಿದ್ದರು. ಪರ್ವದ ದಿನಗಳಲ್ಲಿ ಇದಕ್ಕಿಂತ ಮೇಲಾದ ಸ್ವಾಧ್ಯಾಯ ಯಾವುದಿದ್ದೀತು?

ಸಮ್ಮೇಳನ ಮುಗಿದರೂ ಅವರನ್ನು ಅಲ್ಲಿಯವರು ಬಿಡಲಿಲ್ಲ. ಕೆಲವು ತಿಂಗಳ ಪ್ರವಾಸವೆಂದು ಹೊರಟುದು ಸುಮಾರು ಎರಡು ವರ್ಷಗಳಿಗೆ ಬೆಳೆಯಿತು. ಶಿಕಾಗೋ, ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಮೊದಲಾದ ನಗರಗಳಲ್ಲಿ ಉಪನ್ಯಾಸಗಳು ನಡೆದವು. ಭಾರತೀಯ ಸ್ತ್ರೀಯರ ವಿದ್ಯಾಭ್ಯಾಸಕ್ಕೆ ಸಹಾಯ ಮಾಡುವ ಸಂಘವೊಂದು ಅವರ ಪ್ರೇರಣೆಯಿಂದ ಅಲ್ಲಿ ಸ್ಥಾಪಿತವಾಯಿತು.

ಆ ದೇಶದ ಚಳಿಗಾಲವನ್ನು ನಮ್ಮ ಓದುಗರು ಊಹಿಸಿಕೊಳ್ಳಬೇಕು. ನಮ್ಮ ಗುಡ್ಡಗಳಲ್ಲಿ ಮಾಗಿಯ ಚಳಿಗೆ ಕಂಬಳಿ ಹೊದ್ದರೆ ಸಾಕು. ಅಲ್ಲಿಯಾದರೋ ಕೆರೆಕಟ್ಟೆಗಳು ಹೆಪ್ಪುಗಟ್ಟುತ್ತವೆ. ನಮ್ಮಲ್ಲಿ ಸೂರ್ಯಾಸ್ತವು ವರ್ಷವಿಡೀ ಸಂಜೆ ಸುಮಾರು 6 ಗಂಟೆಯಿಂದ 7 ಗಂಟೆಯ ಒಳಗೇ ಆಗುತ್ತದೆ. ಶಿಕಾಗೋದಲ್ಲಿ ಡಿಸೆಂಬರಿನಲ್ಲಿ ಸಂಜೆ 4 ಗಂಟೆ 20 ನಿಮಿಷದ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಲಂಡನ್ನಿನಲ್ಲಿ 4 ಗಂಟೆಗೆ ಮುಂಚೆಯೇ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಊಟ ಮುಗಿಸುವ ಶ್ರಾವಕನು ಅಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೇ ಕೈತೊಳೆಯಬೇಕು. ಅಂತಹ ಶೀತದಲ್ಲಿ ಮಾಂಸವಿಲ್ಲದೆ ಬದುಕಲಾಗದೆಂದು ಅಲ್ಲಿಯವರು ನಂಬಿದ್ದರು. ಇಲ್ಲಿಂದ ಹೋದ ಹಲವರೂ ಅದನ್ನೇ ನೆಪಮಾಡಿಕೊಂಡಿದ್ದರು. ವೀರಚಂದರು ಮಾತ್ರ ಶುದ್ಧ ಶಾಕಾಹಾರವನ್ನು ಬಿಡಲಿಲ್ಲ.

ಸ್ವಜನರ ವಿರೋಧ

ಇಷ್ಟಾದರೂ ತಾಯ್ನಾಡಿನಲ್ಲಿ ಅವರಿಗೆ ಕಾದಿದ್ದುದು ಪ್ರಶಂಸೆ ಮಾತ್ರವಲ್ಲ. ಸಮುದ್ರಯಾನ ಮಾಡಿದವನು ಧರ್ಮಭ್ರಷ್ಟನೆಂದೂ, ಅವನನ್ನು ಸಂಘದಿಂದ ಹೊರಹಾಕಬೇಕೆಂದೂ ಸಮಾಜದ ಒಂದು ಪಕ್ಷ ಗದ್ದಲವೆಬ್ಬಿಸಿತು. ಈ ಸುದ್ದಿ ಅಮೆರಿಕೆಯಲ್ಲಿದ್ದ ಸ್ವಾಮಿ ವಿವೇಕಾನಂದರನ್ನೂ ಮುಟ್ಟಿತು. ಅವರು 1894ರಲ್ಲಿ ಜುನಾಗಢದ ದಿವಾನರಿಗೆ ಬರೆದ ಪತ್ರದಲ್ಲಿ, ಆ ಘೋರ ಶೀತದಲ್ಲಿಯೂ ವೀರಚಂದರು ಶಾಕಾಹಾರವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದೂ, ತಮ್ಮ ದೇಶವನ್ನೂ ಧರ್ಮವನ್ನೂ ಶಕ್ತಿಮೀರಿ ಸಮರ್ಥಿಸುತ್ತಿರುವರೆಂದೂ ಮೆಚ್ಚಿ, ಅಂತಹವರನ್ನು ಕಳುಹಿಸಿದವರೇ ಜಾತಿಯಿಂದ ಹೊರಗಿಡಲು ನೋಡುತ್ತಿರುವುದನ್ನು ಕುರಿತು ನೊಂದು ಬರೆದರು. ಅನ್ಯಮತದ ಸಂನ್ಯಾಸಿಗಳಿಗೆ ಕಂಡ ವ್ರತನಿಷ್ಠೆ ಸ್ವಮತದ ಗೃಹಸ್ಥರಿಗೆ ಕಾಣಲಿಲ್ಲ!

ಆಚಾರ್ಯ ಆತ್ಮಾರಾಮಜೀ ಮಾತ್ರ ಅಚಲರಾಗಿ ವೀರಚಂದರ ಪರ ನಿಂತರು. ಸ್ವತಃ ವ್ರತಕ್ಕಾಗಿ ಹಡಗನ್ನೇರದಿದ್ದವರೇ ಹಡಗನ್ನೇರಿದ ಶ್ರಾವಕರನ್ನು ಸಮರ್ಥಿಸಿದರೆಂಬುದು ಮನನಯೋಗ್ಯವಾದ ಸಂಗತಿ. ತನ್ನ ವ್ರತದ ಗಡಿಯನ್ನು ಖಚಿತವಾಗಿ ಬಲ್ಲವನು ಇನ್ನೊಬ್ಬರ ವ್ರತದ ಗಡಿಯನ್ನೂ ಬಲ್ಲನು. ಗದ್ದಲವೆಬ್ಬಿಸಿದವರು ಏನನ್ನು ಕೇಳಬೇಕಾಗಿತ್ತೋ ಅದನ್ನು ಕೇಳಲಿಲ್ಲ. ಅವರು ಏನನ್ನು ಉಂಡರು, ಯಾರನ್ನು ನೋಯಿಸಿದರು, ಯಾವ ಪ್ರತಿಜ್ಞೆಯನ್ನು ಮುರಿದರು ಎಂದು ಕೇಳದೆ, ಯಾವ ನೀರನ್ನು ದಾಟಿದರೆಂದು ಮಾತ್ರ ಕೇಳಿದರು. 1895ರಲ್ಲಿ ವೀರಚಂದರು ಹಿಂತಿರುಗಿದರು. ವಿರೋಧದ ನಡುವೆಯೇ ಉಪನ್ಯಾಸಗಳನ್ನು ಮಾಡಿ ತಾವು ಕಂಡುದನ್ನು ಜನರಿಗೆ ತಿಳಿಸಿದರು. ನಿಂದಿಸಿದವರನ್ನು ತಿರುಗಿ ನಿಂದಿಸಲಿಲ್ಲ. ಕ್ಷಮೆಯೂ ವ್ರತವೇ ಅಲ್ಲವೇ?

ಕಡೆಯ ವರ್ಷಗಳು

1896ರಲ್ಲಿ ಅವರು ಪತ್ನಿಪುತ್ರರೊಡನೆ ಮತ್ತೆ ಅಮೆರಿಕೆಗೆ ತೆರಳಿದರು. ಅದೇ ವರ್ಷ ಆತ್ಮಾರಾಮಜೀ ಸ್ವರ್ಗಸ್ಥರಾದರು. ಆಗ ಭಾರತದಲ್ಲಿ ಭೀಕರ ಕ್ಷಾಮ ತಲೆದೋರಿತ್ತು. ವೀರಚಂದರು ಅಲ್ಲಿಯ ಸಜ್ಜನರನ್ನು ಕೂಡಿಸಿ ಸಹಾಯಸಮಿತಿಯನ್ನು ಏರ್ಪಡಿಸಿ, ಒಂದು ಹಡಗು ಮೆಕ್ಕೆಜೋಳವನ್ನೂ ಸುಮಾರು 40,000 ರೂಪಾಯಿಗಳನ್ನೂ ಭಾರತಕ್ಕೆ ಕಳುಹಿಸಿದರು. ಯಾವ ಕಡಲನ್ನು ದಾಟಿದುದು ಪಾಪವೆಂದು ಕೆಲವರು ಸಾರಿದ್ದರೋ ಅದೇ ಕಡಲನ್ನು ದಾಟಿ ಹಸಿದವರಿಗೆ ಅನ್ನ ಬಂದಿತು. ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನಗಳೆಂಬ ಚತುರ್ವಿಧ ದಾನಗಳಲ್ಲಿ ಆಹಾರದಾನವೂ ಶಾಸ್ತ್ರದಾನವೂ ಒಬ್ಬರ ಕೈಯಿಂದಲೇ ಹೀಗೆ ನಡೆದುವು.

ಮುಂದೆಯೂ ಇಂಗ್ಲೆಂಡಿಗೆ ಹೋಗಿ ಕಾನೂನಿನ ವ್ಯಾಸಂಗವನ್ನೂ ತೀರ್ಥಕ್ಷೇತ್ರಗಳ ಕಾರ್ಯವನ್ನೂ ನಡೆಸಿದರು. ಎಡೆಬಿಡದ ಪ್ರಯಾಣ ಮತ್ತು ದುಡಿಮೆಯಿಂದ ದೇಹ ಸವೆಯಿತು. 1901ರಲ್ಲಿ ಭಾರತಕ್ಕೆ ಮರಳಿದ ಸ್ವಲ್ಪ ಕಾಲದಲ್ಲಿಯೇ, ಆಗಸ್ಟ್ 7ರಂದು, 37 ವರ್ಷ ತುಂಬುವ ಮೊದಲೇ ಅವರು ಇಹಲೋಕವನ್ನು ತ್ಯಜಿಸಿದರು. ಜೈನ ತತ್ತ್ವ, ಕರ್ಮಸಿದ್ಧಾಂತ ಮತ್ತು ಯೋಗವನ್ನು ಕುರಿತ ಅವರ ಉಪನ್ಯಾಸಗಳು ಅನಂತರ ಗ್ರಂಥರೂಪದಲ್ಲಿ ಪ್ರಕಟವಾದವು. ಅವರು ಶಾಕಾಹಾರಕ್ಕೆ ಕಷ್ಟಪಟ್ಟ ಶಿಕಾಗೋ ನಗರದ ಸಮೀಪದಲ್ಲಿ ಇಂದು ಭವ್ಯವಾದ ಜಿನಮಂದಿರವಿದೆ. ಅಲ್ಲಿ ಅವರ ಪ್ರತಿಮೆಯೂ ಇದೆ.

ಹೊರಡುವವರಿಗೆ ನಾಲ್ಕು ಮಾತು

ಈ ಚರಿತ್ರೆಯನ್ನು ಕೇಳಿ ಮುಗಿಸಿದ ಆ ಯುವಕ, ತಾನೇನೂ ವೀರಚಂದ ಗಾಂಧಿಯಲ್ಲ, ನಾಲ್ಕು ತಿಂಗಳು ಕಾಫಿಯ ಕೆಲಸ ಕಲಿಯಲು ಹೋಗುವವನು ಎಂದ. ನಿಜ. ಆದರೆ ವ್ರತವು ದೊಡ್ಡವರಿಗೆ ಮಾತ್ರ ಹೇಳಿದುದಲ್ಲ. ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಆಚಾರ್ಯರು ತ್ಯಾಗವನ್ನು ಯಮ ಮತ್ತು ನಿಯಮ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವಾವಧಿಯದು ಯಮ, ಕಾಲಮಿತಿಯುಳ್ಳದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಎರಡು ತಿಂಗಳ ಋತು, ಆರು ತಿಂಗಳ ಅಯನ ಹೀಗೆ ನಿಯಮದ ಅವಧಿಗಳನ್ನು ಹೇಳಿದೆ. ನಾಲ್ಕು ತಿಂಗಳ ವಾಸಕ್ಕೆ ಎರಡು ಋತುಗಳ ನಿಯಮ ಸರಿಹೊಂದುತ್ತದೆ. ಚಿಕ್ಕಪ್ಪನ ಸಲಹೆಯಂತೆ ನಾಲ್ಕು ತಿಂಗಳು ವ್ರತವನ್ನು ಬಿಡುವ ಬದಲು, ಆ ನಾಲ್ಕು ತಿಂಗಳಿಗೆಂದೇ ಒಂದು ನಿಯಮವನ್ನು ಹಿಡಿಯಬಹುದು.

ನಾವಿಬ್ಬರೂ ಕುಳಿತು ಒಂದು ಕಾಗದದ ಮೇಲೆ ಬರೆದೆವು. ಮದ್ಯ, ಮಾಂಸ, ಮಧು ಮತ್ತು ಪಂಚ ಉದುಂಬರ ಫಲಗಳ ತ್ಯಾಗ ಅವನಿಗೆ ಬಾಲ್ಯದಿಂದ ಇರುವ ಅಷ್ಟಮೂಲಗುಣ, ಅದರಲ್ಲಿ ಸಡಿಲಿಕೆಯಿಲ್ಲ. ಅಲ್ಲಿಯ ತಿಂಡಿಗಳಲ್ಲಿ ಮೊಟ್ಟೆ, ಪ್ರಾಣಿಯ ಕೊಬ್ಬು, ಮೂಳೆಯಿಂದ ತೆಗೆದ ಅಂಟು ಸೇರಿರುವುದುಂಟಾದ್ದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದದೆ ಏನನ್ನೂ ತಿನ್ನತಕ್ಕುದಲ್ಲ; ಅದಕ್ಕಾಗಿ ಆ ದೇಶದ ಭಾಷೆಯಲ್ಲಿ ಇವುಗಳ ಹೆಸರುಗಳನ್ನು ಮೊದಲೇ ಕಲಿಯತಕ್ಕುದು. ವೀರಚಂದರು ಬಂಗಾಳಿ ಕಲಿಯಲಿಲ್ಲವೇ? ಒಂದು ಚಿಕ್ಕ ಕುಕ್ಕರು, ಅಕ್ಕಿ, ಬೇಳೆ, ಸಾರಿನಪುಡಿ, ನೀರು ಸೋಸುವ ಬಟ್ಟೆ ಪೆಟ್ಟಿಗೆಯಲ್ಲಿರಬೇಕು. ಆ ಊರಿನ ಸೂರ್ಯಾಸ್ತದ ವೇಳೆಯನ್ನು ವಾರವಾರವೂ ಗುರುತುಮಾಡಿಕೊಂಡು, ತರಬೇತಿಯ ಬಿಡುವು ಯಾವಾಗ ಸಿಕ್ಕೀತೆಂದು ಮೊದಲೇ ಕೇಳಿ ತಿಳಿದು, ರಾತ್ರಿಭೋಜನತ್ಯಾಗವನ್ನು ಎಷ್ಟರಮಟ್ಟಿಗೆ ಪಾಲಿಸಬಲ್ಲನೋ ಅಷ್ಟಕ್ಕೇ ಪ್ರತಿಜ್ಞೆ ಮಾಡಬೇಕು. ಆಷಾಢ ಶ್ರಾವಣಗಳಲ್ಲಿ ದಿನಗಟ್ಟಲೆ ಸೂರ್ಯನನ್ನೇ ಕಾಣದ ನಮ್ಮ ಮಲೆನಾಡಿನವರಿಗೆ ಗಡಿಯಾರ ನೋಡಿ ಅಸ್ತಮಾನವನ್ನು ತಿಳಿಯುವುದು ಹೊಸತಲ್ಲ. ಅಷ್ಟಮಿ ಚತುರ್ದಶಿಗಳನ್ನು ಅಲ್ಲಿಯ ವೇಳೆಗೆ ಹೊಂದಿಸಿ ಬರೆದುಕೊಳ್ಳಬೇಕು. ಉಪವಾಸ ಸಾಧ್ಯವಾಗದ ದಿನ ಏಕಭುಕ್ತವಾದರೂ ಇರಲಿ. ಪ್ರತಿ ರಾತ್ರಿ ಮಲಗುವ ಮುನ್ನ ಆ ದಿನದ ದೋಷಗಳನ್ನು ಎಣಿಸಿ ಪ್ರತಿಕ್ರಮಣ ಮಾಡುವುದು ಇವೆಲ್ಲಕ್ಕಿಂತ ಮುಖ್ಯ.

ಕಂದಮೂಲಗಳ ವಿಷಯದಲ್ಲಿ ಅವನು ತಡೆದ. ಆಲೂಗಡ್ಡೆಯನ್ನು ಪೂರ್ತಿ ಬಿಟ್ಟರೆ ಅಲ್ಲಿ ಹೊಟ್ಟೆ ತುಂಬುವುದೋ ಇಲ್ಲವೋ ಎಂಬ ಭಯ ಅವನಿಗಿತ್ತು. ನಾನು ಒತ್ತಾಯಿಸಲಿಲ್ಲ. ಪಾಲಿಸಲಾರದುದನ್ನು ಹಿರಿಯರ ಮುಖನೋಡಿ ಪ್ರತಿಜ್ಞೆ ಮಾಡುವುದಕ್ಕಿಂತ, ಪಾಲಿಸಬಲ್ಲುದನ್ನು ಸತ್ಯವಾಗಿ ಹಿಡಿಯುವುದು ಲೇಸು. ಪರ್ವದಿನಗಳಲ್ಲಿ ಮಾತ್ರ ಬಿಡುವೆನೆಂದು ಅವನೇ ಬರೆದುಕೊಂಡ. ಅನಂತರ ಅಜ್ಜಿಯನ್ನು ಕರೆದುಕೊಂಡು ಬಸದಿಗೆ ಹೋಗಿ, ಜಿನಬಿಂಬದ ಮುಂದೆ ಆ ಕಾಗದವನ್ನು ಓದಿ ನಿಯಮವನ್ನು ಸ್ವೀಕರಿಸಿದ. ಅಜ್ಜಿ ಅಂದೂ ಕಣ್ಣೀರು ಹಾಕಿದರು; ಆದರೆ ಹೋಗಬೇಡವೆನ್ನಲಿಲ್ಲ.

ಧರ್ಮಬಂಧುಗಳೇ, ವ್ರತವು ಕೆಡುವುದು ಕಡಲಿನಿಂದಲ್ಲ. ವಿಚಾರಮಾಡದೆ ಹಿಡಿಯುವುದರಿಂದ ಮತ್ತು ಸಿದ್ಧತೆಯಿಲ್ಲದೆ ಹೊರಡುವುದರಿಂದ. ಮಕ್ಕಳು ಹೊರಟು ನಿಂತಾಗ ಹೋಗಬೇಡವೆಂದು ತಡೆಯುವುದೂ, ಏನಾದರೂ ಮಾಡಿಕೊಳ್ಳಲೆಂದು ಕೈಬಿಡುವುದೂ ಎರಡೂ ನಮ್ಮ ಆಲಸ್ಯವೇ. ಆತ್ಮಾರಾಮಜೀ ಮಾಡಿದಂತೆ ಅವರನ್ನು ಹತ್ತಿರ ಕೂರಿಸಿಕೊಂಡು, ತಿಳಿಸಿ, ಸಿದ್ಧಪಡಿಸಿ ಕಳುಹಿಸುವುದು ಹಿರಿಯರ ಕರ್ತವ್ಯ. ಆ ಕರ್ತವ್ಯದಲ್ಲಿ ಹಿಂದೊಮ್ಮೆ ತಪ್ಪಿದವನು ಇದನ್ನು ಬರೆದಿದ್ದಾನೆ. ಓದಿದವರು ತಪ್ಪದಿರಲಿ.

ಎಲ್ಲರಿಗೂ ಮಂಗಳವಾಗಲಿ.